ಸೆಲ್ ಮೊದಲು

ಮಾರ್ಚ್ 3, ಸೋಮವಾರ

ನಿನ್ನೆ ಇದರಲ್ಲಿ ಬರೆದದ್ದೆಲ್ಲ ಹೋಯಿತು. ಹೋದರೆ ಹೋಗಲಿ, ಅರ್ಧಕ್ಕರ್ಧ ಬೈಗುಳವೇ ಇತ್ತು.

ಹಳೆಯ ಕೈಕಂಪ್ಯೂಟರ್ ಇದು. ಶಾಲೆಯ ಪುಸ್ತಕದಷ್ಟು ಅಗಲ, ಬೂದು ಬಣ್ಣ. ಮುಚ್ಚಳ ತೆರೆದರೆ ಮೇಲೆ ಎಂಟು ಸಾಲಿನ ಪರದೆ, ಕೆಳಗೆ ನಿಜವಾದ ಕೀಲಿಗಳು. ಪರದೆಗೆ ಸ್ವಂತ ಬೆಳಕಿಲ್ಲ. ಕಿಟಕಿಯ ಕಡೆ ಓರೆ ಮಾಡಿ ಹಿಡಿದರೆ ಮಾತ್ರ ಅಕ್ಷರ ಕಾಣುತ್ತದೆ. ನಾಲ್ಕು ಪೆನ್ಸಿಲ್ ಸೆಲ್ಲಿನಲ್ಲಿ ತಿಂಗಳುಗಟ್ಟಲೆ ಓಡುತ್ತದೆ. ಇಂಟರ್ನೆಟ್ಟು ಗಿಂಟರ್ನೆಟ್ಟು ಏನೂ ಇಲ್ಲ. ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ಗೊತ್ತಿಲ್ಲ ಅದಕ್ಕೆ, ಹಾಗಾಗಿ ನಮ್ಮ ಮಾತನ್ನೇ ಆ ಅಕ್ಷರಗಳಲ್ಲಿ ಕುಟ್ಟುತ್ತಿದ್ದೇನೆ.

ಬರೆದದ್ದು ಅಳಿಸಿಹೋದದ್ದು ನನ್ನ ಕೈಯ ಚಾಳಿಯಿಂದ. ಹಳೆಯ ಮಿಷಿನ್ ಬಿಚ್ಚುವ ಶೆಡ್ಡಿನಲ್ಲಿ ನಮಗೆ ಮೂವರಿಗೂ ಕೆಲಸ, ಅಪ್ಪ ಅಮ್ಮ ಮತ್ತು ನಾನು. ಶೆಡ್ಡಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದೇ ಕಾನೂನು: ಸೆಲ್ ಮೊದಲು. ಯಾವ ಮಿಷಿನ್ ಕೈಗೆ ಬಂದರೂ ಸ್ಕ್ರೂ ಮುಟ್ಟುವ ಮೊದಲು ಸೆಲ್ ಕೀಳಬೇಕು. ಇಲ್ಲದಿದ್ದರೆ ಒಂದೋ ಬೆಂಕಿ, ಇಲ್ಲವೇ ಸೆಲ್ ಸೋರಿ ಒಳಗೆಲ್ಲ ಹಸಿರು ಕಿಲುಬು. ಸೆಲ್ ವಿಂಗಡಿಸುವ ಅಮ್ಮನಿಗಂತೂ ಇದು ಉಸಿರಾಡಿದ ಹಾಗೆ. ಯಾರದೋ ಮನೆಯ ಟಾರ್ಚು ಕಂಡರೂ ಅವಳ ಬೆರಳು ಅದರ ಬೆನ್ನು ತಡಕುತ್ತದೆ. ನಿನ್ನೆ ಇದನ್ನು ಒರೆಸಲು ಕೂತವಳು ನಾನೂ ಹಾಗೇ ಕಿತ್ತೆ. ತಿರುಗಿ ಹಾಕಿದಾಗ ಮಿಷಿನ್ ಎಲ್ಲ ಮರೆತು, ಇವತ್ತು ಯಾವ ತಾರೀಖು ಎಂದು ನನ್ನನ್ನೇ ಕೇಳಿತು.

"ಒಳಗೊಂದು ಗುಂಡಿ ಸೆಲ್ ಇರುತ್ತೆ ಕಣೇ," ಅಂದ ಅಪ್ಪ. "ದೊಡ್ಡ ಸೆಲ್ ತೆಗೆದಾಗ ನೆನಪು ಕಾಯೋದು ಅದು. ಇದರದ್ದು ಸತ್ತಿದೆ." ಅವನ ದನಿ ಈಚೆಗೆ ಹರಿದ ಸ್ಪೀಕರಿನ ಹಾಗಾಗಿದೆ. ನಾಳೆ ಆಸ್ಪತ್ರೆಗೆ ಹೋಗುತ್ತಾನಂತೆ.

ಆ ಅಳತೆಯ ಗುಂಡಿ ಸೆಲ್ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಶೆಡ್ಡಿನ ಡಬ್ಬಿ ಪೂರ್ತಿ ಸುರುವಿದಾಗ ಜೀವ ಇದ್ದದ್ದು ಒಂದು ಸಿಕ್ಕಿತು. ಹಾಕಿದ್ದೇನೆ. ಗುಜರಿ ಮೂಟೆಯಲ್ಲಿ ಇಂಥ ಮಿಷಿನ್ ಬಂದದ್ದು ಜೋಡಿ. ಯಜಮಾನನನ್ನು ಕೇಳಿದೆ, "ತೂಕಕ್ಕೂ ಬರಲ್ಲ, ಎರಡೂ ಹೊತ್ಕೊಂಡು ಹೋಗು" ಅಂದ. ಇನ್ನೊಂದು ಮಂಚದ ಕೆಳಗಿದೆ.

ಶಾಲೆ ಬಿಟ್ಟ ಮೇಲೆ ನಾನು ಬರೆಯುತ್ತಿರುವುದು ಇದೇ ಮೊದಲು. ಪರೀಕ್ಷೆಯ ಕೋಣೆಯಲ್ಲಿ ಮೇಷ್ಟ್ರು ಎಲ್ಲರಿಗೂ ಉತ್ತರ ಹೇಳಿಕೊಟ್ಟರು. ಮೇಲಿನವರು ಬಂದು ಕೇಳಿದಾಗ ಹೌದು ಅಂದವಳು ನಾನೊಬ್ಬಳೇ. ಶಾಲೆಯಿಂದ ಹೊರಗೆ ಹಾಕಿದರು. ಸುಳ್ಳು ಹೇಳಿದೆ ಎಂದು ಬರೆದುಕೊಡು, ಮತ್ತೆ ಸೇರಿಸಿಕೊಳ್ಳುತ್ತೇವೆ ಅಂದರು. ಕೊಡಲಿಲ್ಲ. ಬೇಜಾರೇನಿಲ್ಲ, ಹೇಗಿದ್ದರೂ ಬೆಂಚಿನ ಮೇಲೆ ಕೂರಲು ನನ್ನಿಂದ ಆಗುತ್ತಿರಲಿಲ್ಲ. ಅಪ್ಪ ನನಗಿಟ್ಟ ಹೆಸರೇ ಸ್ಪ್ರಿಂಗ್. ಬಂದರಿನ ಗೋದಾಮಿನಲ್ಲಿರುವ ಗೆಳತಿ ಕೆಲಸ ಕೊಡಿಸುತ್ತೇನೆ ಅಂದಿದ್ದಾಳೆ. ಅಪ್ಪನ ಗಂಟಲು ಸರಿಹೋದ ಕೂಡಲೇ ಹೊರಟೆ.

ಮಾರ್ಚ್ 11

ಸರಿಹೋಗುವುದಿಲ್ಲ. ಧ್ವನಿಪೆಟ್ಟಿಗೆಯಲ್ಲೇ ಗಂಟು. ಪೆಟ್ಟಿಗೆಯನ್ನೇ ತೆಗೆಯಬೇಕು.

"ಮಾತು?" ಎಂದು ಅಪ್ಪ ಕೇಳಿದ.

"ಬರಲ್ಲ. ಕುತ್ತಿಗೆಯಲ್ಲಿ ಒಂದು ತೂತು ಇಡ್ತೀವಿ, ಅದರಲ್ಲಿ ಉಸಿರಾಡ್ತೀರಿ," ಅಂದರು ಡಾಕ್ಟರು.

ಅಪ್ಪ ಅಮ್ಮನ ಕಡೆ ತಿರುಗಿದ. "ನೋಡೇ, ಇಷ್ಟು ವರ್ಷ ಬಾಯ್ಮುಚ್ಚು ಬಾಯ್ಮುಚ್ಚು ಅಂತಿದ್ದೆ. ಕೊನೆಗೂ ಗೆದ್ದೆ."

ಅಮ್ಮ ನಗಲಿಲ್ಲ. ಬಸ್ಸಿನಲ್ಲಿ ಅವಳು ಅಪ್ಪನ ತೋಳು ಹಿಡಿದುಕೊಂಡೇ ಕೂತಿದ್ದಳು, ಕೆಳಗಿಟ್ಟರೆ ಯಾರಾದರೂ ಎತ್ತಿಕೊಂಡು ಹೋಗುವ ಸಾಮಾನಿನ ಹಾಗೆ.

ಮಾರ್ಚ್ 18

ಒಳಗೆ ತಳ್ಳಿಕೊಂಡು ಹೋಗುವಾಗ ಅಪ್ಪ ಡಾಕ್ಟರಿಗೆ ಹೇಳಿದ: "ಬಿಚ್ಚಿದ ಸ್ಕ್ರೂ ಎಲ್ಲ ಒಂದು ಬಟ್ಟಲಲ್ಲಿ ಇಟ್ಕೊಳ್ಳಿ ಡಾಕ್ಟ್ರೇ. ಮುಚ್ಚಿದ ಮೇಲೆ ಒಂದೂ ಉಳೀಬಾರ್ದು." ನರ್ಸ್ ನಕ್ಕಳು. ಬಾಗಿಲ ಹತ್ತಿರ ನನ್ನನ್ನು ನೋಡಿ, "ಸ್ಪ್ರಿಂಗ್, ಒಂದು ಕಡೆ ಕೂತ್ಕೋ," ಅಂದ.

ಕೂರಲಿಲ್ಲ. ಹೊರಗಿನ ರಸ್ತೆಯ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ. ಆಮೇಲೆ ಹೊಳೆಯಿತು, ಅದು ಅವನ ಬಾಯಿಂದ ಬಂದ ಕೊನೆಯ ಮಾತು. ಕೂರಬಹುದಿತ್ತು.

ಮಾರ್ಚ್ 27

ಮನೆಗೆ ಕರೆತಂದೆವು. ಕುತ್ತಿಗೆಯ ತೂತಿನಲ್ಲಿ ಉಸಿರು ಸೀಟಿ ಹೊಡೆಯುತ್ತದೆ. ಬಾಯಿ ಆಡುತ್ತದೆ, ಸದ್ದಿಲ್ಲ. ಟೀವಿಯ ದನಿ ಅಡಗಿಸಿದ ಹಾಗೆ.

ಸ್ಲೇಟು ಕೊಟ್ಟೆವು. ಶಾಲೆಯನ್ನು ಮೂರನೇ ಕ್ಲಾಸಿಗೇ ಬಿಟ್ಟವನು, ಬರೆದದ್ದು ಅವನಿಗೇ ತಿಳಿಯಲಿಲ್ಲ. ಮಾವ, ಅಂದರೆ ಅಮ್ಮನ ತಮ್ಮ, ದೊಡ್ಡ ಮನಸ್ಸು ಮಾಡಿ ತನ್ನ ಹಳೆಯ ಫೋನು ತಂದುಕೊಟ್ಟ. ಅಪ್ಪ ಒತ್ತುತ್ತಾನೆ, ಅದು ಸುಮ್ಮನಿರುತ್ತದೆ. ಬೆರಳು ಬದಲಿಸಿದ, ಒರೆಸಿದ, ನೆಕ್ಕಿದ. ಬೋರ್ಡನ್ನು ಆ್ಯಸಿಡ್ಡಿನಲ್ಲಿ ಅದ್ದಿ ಅದ್ದಿ ಅವನ ಬೆರಳ ತುದಿಯ ಚರ್ಮ ಸುಟ್ಟು ಗೊರಸಿನಂತಾಗಿದೆ. ಆ ಗಾಜಿಗೆ ಅಪ್ಪ ಮನುಷ್ಯನೇ ಅಲ್ಲ.

ಫೋನನ್ನು ಗೋಡೆಗೆ ಎಸೆದ. ಮಾವ ಹೊಡೆತ ತಿಂದವನ ಹಾಗೆ ಕೂತ.

ಮಂಚದ ಕೆಳಗಿನ ಜೋಡಿ ಮಿಷಿನ್ ತೆಗೆದು ಅಪ್ಪನ ತೊಡೆಯ ಮೇಲಿಟ್ಟೆ.

ಏಪ್ರಿಲ್ 6, ಭಾನುವಾರ

ಇಷ್ಟು ವರ್ಷ ಕೀಬೋರ್ಡಿನಿಂದ ಕೀಲಿ ಕಿತ್ತವನಿಗೆ ಯಾವ ಗುರುತು ಎಲ್ಲಿದೆ ಎಂದು ಕಣ್ಣು ಮುಚ್ಚಿದರೂ ಗೊತ್ತು. ಯಾವುದಕ್ಕೆ ಯಾವ ಸದ್ದು ಅನ್ನುವುದಷ್ಟೇ ಗೊತ್ತಿರಲಿಲ್ಲ. ಅದನ್ನು ಹೇಳಿಕೊಟ್ಟೆ. ಒಂದೇ ಬೆರಳಲ್ಲಿ, ಮೊಳೆ ಹೊಡೆದ ಹಾಗೆ ಕುಟ್ಟುತ್ತಾನೆ. ಪದಗಳ ನಡುವೆ ಜಾಗ ಬಿಡುವುದಿಲ್ಲ. ಬಿಡು ಅಂದರೆ, "ಖಾಲಿಗ್ಯಾಕೆಸೆಲ್ಲುದಂಡ" ಎಂದು ಕುಟ್ಟಿದ.

ನಾನು ಕಿಟಕಿಗೆ ಹಿಡಿದು ಓದಿ ಅಮ್ಮನಿಗೆ ಹೇಳುತ್ತೇನೆ. ಅಮ್ಮನಿಗೆ ಯಾವ ಅಕ್ಷರವೂ ಬಾರದು.

ಇದಕ್ಕೊಂದು ಬೀಪ್ ಕೀಲಿ ಇರುವುದನ್ನು ಅವನೇ ಹುಡುಕಿಕೊಂಡ. ಒಂದು ಬೀಪ್ ಅಂದರೆ ಬಾ. ಎರಡು ಅಂದರೆ ಬೇಗ ಬಾ. ಬಿಡದೆ ಒತ್ತಿ ಹಿಡಿದರೆ ಅದು ಬೈಗುಳ. ಅಮ್ಮ ತರಕಾರಿ ಹೆಚ್ಚುತ್ತಾ, "ಆಯ್ತು ಮಾರಾಯ್ರೇ, ಕೇಳಿಸ್ತು, ನಿಮ್ಮಪ್ಪನಿಗೆ ಹೇಳಿ ಅದನ್ನ," ಎಂದು ಬೈಗುಳಕ್ಕೆ ಬೈಗುಳ ಕೊಡುತ್ತಾಳೆ.

ಗುಂಡಿ ಸೆಲ್ ನನ್ನದರಲ್ಲೇ ಉಳಿಸಿಕೊಂಡಿದ್ದೇನೆ. ಅಪ್ಪ ಕುಟ್ಟುವುದು ನೀರು, ದಿಂಬು, ಬೈಗುಳ. ಅಳಿಸಿದರೆ ನಷ್ಟವೇನು?

ಏಪ್ರಿಲ್ 19

ಕರೆಂಟು ಹೋದರೆ ಅಪ್ಪ ನಿಜವಾಗಿ ಮೂಗನಾಗುತ್ತಾನೆ. ಕುಟ್ಟುವ ಸದ್ದು ಕೇಳಿಸುತ್ತದೆ, ಏನೆಂದು ಕಾಣುವುದಿಲ್ಲ. ನಿನ್ನೆ ದೀಪ ಬಂದ ಮೇಲೆ ಓದಿದೆ: "ಯಾರಾದರೂಇದ್ದೀರಾ". ನಾವಿಬ್ಬರೂ ಪಕ್ಕದಲ್ಲೇ ಕೂತಿದ್ದೆವು.

ಗೆಳತಿ ಕಾಗದ ಹಾಕಿದ್ದಾಳೆ, ಜಾಗ ಇನ್ನೂ ಇದೆಯಂತೆ. ಮುಂದಿನ ತಿಂಗಳು ನೋಡೋಣ.

ಮೇ 6

ಅಮ್ಮ, ಮಾವ, ನಾನು ಡಾಕ್ಟರ ಮುಂದೆ ಕೂತಿದ್ದೆವು. ಅಪ್ಪನನ್ನು ಹೊರಗೆ ಕೂರಿಸಿದ್ದೆವು. ಶ್ವಾಸಕೋಶಕ್ಕೆ ಇಳಿದಿದೆಯಂತೆ. ಇನ್ನು ಕೊಯ್ಯುವಂತಿಲ್ಲ.

"ಎಷ್ಟು ದಿನ?" ಅಂದೆ. ಮಾವ ನನ್ನ ಕಾಲು ತುಳಿದ.

"ಎರಡು ತಿಂಗಳು," ಅಂದರು. ಹೆಚ್ಚೂ ಆಗಬಹುದು ಎಂದು ಅನ್ನಲಿಲ್ಲ. ಅನ್ನುತ್ತಾರೇನೋ ಎಂದು ಅಮ್ಮ ಕಾದಳು.

ಕಾರಿಡಾರಿನಲ್ಲಿ ಮಾವ ನನ್ನ ತೋಳು ಹಿಡಿದು ಗೋಡೆಗೆ ಒರಗಿಸಿದ. "ನಿನ್ನ ಬಾಯಿಗೆ ಬೀಗ ಹಾಕ್ಕೋ. ಅವರಿಗೆ ಗುಣ ಆಗ್ತಿದೆ, ಅಷ್ಟೇ."

"ಆಗ್ತಿಲ್ವಲ್ಲ."

"ಲೇ, ನಿನ್ನ ಕಾಲು ಹಿಡ್ಕೋತೀನಿ," ಅಂದಳು ಅಮ್ಮ. ಅವಳು ಬಗ್ಗಿಯೂಬಿಟ್ಟಳು. ಎತ್ತಿ ನಿಲ್ಲಿಸಿದೆ. ನಾನಾಗಿ ಹೇಳುವುದಿಲ್ಲ, ಆದರೆ ಅವನೇ ಕೇಳಿದರೆ ಸುಳ್ಳು ಹೇಳಲಾರೆ ಅಂದೆ. ಅಷ್ಟಕ್ಕೆ ಮಾತ್ರ ಮಾತು ಕೊಟ್ಟೆ.

ಹೊರಗೆ ಬೆಂಚಿನ ಮೇಲೆ ಅಪ್ಪ ಮಿಷಿನ್ ಮುಚ್ಚಿಟ್ಟುಕೊಂಡು ಮೂವರ ಮುಖವನ್ನೂ ಒಂದೊಂದಾಗಿ ನೋಡಿದ.

ಮೇ 8

ಶೆಡ್ಡಿನಲ್ಲಿ ಹೊತ್ತು ಕಳೆದೆ. ಕೆಲಸ ಮುಗಿದರೂ ಕಳೆದೆ.

ಮೇ 10

ಬೀಪ್ ಆಯಿತು. ಅಮ್ಮನನ್ನು ಕಳಿಸಿದೆ.

ಮೇ 13

ಎರಡು ಬೀಪ್. ನಾನು ಬಟ್ಟೆ ಒಗೆಯುತ್ತಿದ್ದೆ. ಒಗೆದದ್ದನ್ನೇ ಮತ್ತೆ ಒಗೆದೆ.

ಮೇ 15, ಗುರುವಾರ

ಅಮ್ಮ ಶೆಡ್ಡಿಗೆ ಹೋಗಿದ್ದಳು. ಬೀಪ್ ಬಿಡದೆ ಹೊಡೆದುಕೊಂಡಿತು. ಹೋದೆ. ಆಗಲೇ ಕುಟ್ಟಿ ಇಟ್ಟಿದ್ದ, ನನ್ನ ಕಡೆ ತಿರುಗಿಸಿದ. (ಪದ ಬಿಡಿಸಿ ಬರೆಯುತ್ತೇನೆ, ಇಲ್ಲದಿದ್ದರೆ ಆಮೇಲೆ ನನಗೇ ತಿಳಿಯುವುದಿಲ್ಲ.)

"ನಿಮ್ಮ ಮಾವ ಇಷ್ಟು ನಗೋ ಪ್ರಾಣಿ ಅಲ್ಲ. ಅಮ್ಮ ಅನ್ನಕ್ಕೆ ತುಪ್ಪ ಜಾಸ್ತಿ ಹಾಕ್ತಾಳೆ. ನೀನು ತಪ್ಪಿಸ್ಕೊಂಡು ಓಡಾಡ್ತೀಯ. ಏನು ವಿಷಯ"

"ಶ್ವಾಸಕೋಶಕ್ಕೆ ಇಳಿದಿದೆ ಅಪ್ಪಾ. ಇನ್ನು ಕೊಯ್ಯೋಕಾಗಲ್ಲ."

"ಎಷ್ಟು ದಿನ"

"ಎರಡು ತಿಂಗಳು ಅಂದ್ರು. ಅದೂ ಹೋದ ವಾರ."

ತೂತಿನ ಸೀಟಿಯೊಂದೇ ಕೇಳುತ್ತಿತ್ತು. ಓಡಿಹೋಗಬೇಕು ಅನ್ನಿಸಿತು, ಕಾಲು ತಾನಾಗಿ ಬಾಗಿಲ ಕಡೆ ತಿರುಗಿತ್ತು. ಹೋಗಲಿಲ್ಲ, ನೆಲದ ಮೇಲೆ ಕೂತೆ. ಅಮ್ಮ ಬರುವವರೆಗೂ ಅಲ್ಲೇ ಇದ್ದೆ.

ಕೊನೆಗೆ ಅವನು ಕುಟ್ಟಿದ್ದು: "ಇದಕ್ಕೆ ಹೊಸ ಸೆಲ್ ಹಾಕು. ಮಧ್ಯದಲ್ಲಿ ಕೈ ಕೊಡಬಾರದು."

ಹಾಕಿದೆ. ತಾರೀಖು ಕೇಳಿತು, ಕೊಟ್ಟೆ. ಒಂದೂವರೆ ತಿಂಗಳ ನೀರು, ದಿಂಬು, ಬೈಗುಳ ಎಲ್ಲ ಹೋಯಿತು. ಅಪ್ಪ ಭುಜ ಹಾರಿಸಿದ.

ಮೇ 16

ಅಪ್ಪ ಅಮ್ಮನನ್ನು ಕರೆದು ಕುಟ್ಟಿದ, ನಾನು ಓದಿ ಹೇಳಬೇಕಾಯಿತು: "ಗೊತ್ತಾಯ್ತು. ತುಪ್ಪ ಕಮ್ಮಿ ಹಾಕು."

ಅಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ.

"ನಿನ್ನ ಸತ್ಯಕ್ಕೆ ಬೆಂಕಿ ಹಾಕ," ಅಂದಳು. "ಆ ಮನುಷ್ಯನ ಹತ್ರ ಉಳಿದಿದ್ದೇ ಒಂಚೂರು ಆಸೆ. ಅದನ್ನೂ ಬಿಚ್ಚಿ ಬೇರೆ ಬೇರೆ ಇಟ್ಯಲ್ಲೇ. ಇನ್ಮೇಲೆ ನನ್ನ ಹತ್ರ ಮಾತಾಡ್ಬೇಡ."

ಅವನೇ ಕೇಳಿದ ಅಂದೆ. ಅವಳು ಒಲೆಯ ಕಡೆ ತಿರುಗಿಕೊಂಡಳು.

ಮೇ 27

ಅಮ್ಮ ನಿಜವಾಗಿಯೂ ಮಾತು ಬಿಟ್ಟಿದ್ದಾಳೆ. ತಟ್ಟೆ ಇಟ್ಟು ಹೋಗುತ್ತಾಳೆ. ಮನೆಯಲ್ಲಿ ಈಗ ಇಬ್ಬರು ಮೂಗರು. ಅವರಲ್ಲಿ ಅಪ್ಪನೇ ವಾಸಿ, ಬೀಪ್ ಆದರೂ ಮಾಡುತ್ತಾನೆ.

ಅವನು ಬೆಳಕು ಹರಿದಾಗಿನಿಂದ ಕುಟ್ಟುತ್ತಾನೆ. ಕಿಟಕಿಯ ಬಿಸಿಲು ಸರಿದ ಹಾಗೆಲ್ಲ ಮಂಚ ಸರಿಸು ಎಂದು ಸನ್ನೆ ಮಾಡುತ್ತಾನೆ. ಇವತ್ತು ನಾನು ಹತ್ತಿರ ಹೋದಾಗ ಅಂಗೈಯಿಂದ ಪರದೆ ಮುಚ್ಚಿದ. ಹೊಸ ಹಾಳೆ ತೆರೆದು ತೋರಿಸಿದ:

"ನಿಮ್ಮಮ್ಮನಿಗೆ ಬರೀತಿದ್ದೀನಿ. ಬಾಯಿ ಇದ್ದಾಗ ಆಡಲಿಲ್ಲ. ನಾನು ಹೋದ ಮೇಲೆ ಓದಿ ಹೇಳು. ಅಲ್ಲೀತನಕ ನೋಡಬೇಡ."

"ನೋಡಲ್ಲ."

"ಗೊತ್ತು. ಬೇರೆ ಯಾರಾದ್ರೂ ಆಗಿದ್ರೆ ಕದ್ದು ನೋಡ್ತಿದ್ರು."

ನನ್ನ ಗುಂಡಿ ಸೆಲ್ ತೆಗೆದು ಇದಕ್ಕೆ ಹಾಕಬೇಕು. ತಳ ಬಿಚ್ಚಬೇಕಾಗುತ್ತದೆ. ಅವನು ಕೈಯಿಂದ ಬಿಡುವುದೇ ಇಲ್ಲ. ಮಲಗಿದಾಗಲೂ ಹೊಟ್ಟೆಯ ಮೇಲಿರುತ್ತದೆ.

ಜೂನ್ 9

ಅಪ್ಪ ಇಳಿದುಹೋಗಿದ್ದಾನೆ. ಎತ್ತಿ ಕೂರಿಸುವಾಗ ಖಾಲಿ ಕ್ಯಾಬಿನೆಟ್ಟು ಎತ್ತಿದ ಹಾಗೆ. ತೂತು ಒರೆಸುವುದು, ಕಫ ಎಳೆಯುವುದು, ಬೆನ್ನು ತಿರುಗಿಸುವುದು ಎಲ್ಲ ನಾನೇ. ನನ್ನ ಕೈ ನಿಧಾನವಂತೆ, ಅವನೇ ಕುಟ್ಟಿ ಹೇಳಿದ. ಜೀವಮಾನದಲ್ಲಿ ನನ್ನನ್ನು ನಿಧಾನ ಅಂದವರು ಯಾರೂ ಇರಲಿಲ್ಲ.

ಅಮ್ಮ ರಾತ್ರಿಪೂರ್ತಿ ಅವನ ಕಾಲ ಬಳಿ ಕೂರುತ್ತಾಳೆ, ಹಗಲು ಶೆಡ್ಡಿಗೆ ಹೋಗುತ್ತಾಳೆ. ಇವತ್ತು ಅಪ್ಪ ಕುಟ್ಟುವುದನ್ನು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡುತ್ತಿದ್ದಳು. ತನಗೇ ಎಂದು ಅವಳಿಗೆ ಗೊತ್ತಾಗಿದೆ. ಅವನೇ ಮಿಷಿನ್ ಕಡೆ, ಅವಳ ಕಡೆ, ಆಮೇಲೆ ನಿದ್ದೆಯಲ್ಲಿದ್ದ ನನ್ನ ಬಾಯಿಯ ಕಡೆ ಬೆರಳು ತೋರಿಸಿದ್ದನಂತೆ. ಇದನ್ನು ಅವಳು ಮಾವನಿಗೆ ಹೇಳುವಾಗ ಕೇಳಿಸಿಕೊಂಡೆ.

ಸೆಲ್ಲಿನ ಮುಚ್ಚಳಕ್ಕೆ ಟೇಪು ಅಂಟಿಸಬೇಕು. ಟೇಪು ತರಲು ಮರೆಯುತ್ತೇನೆ.

ಜೂನ್ 14

ನಾಲ್ಕು ಸಾಲು ಕುಟ್ಟಿದರೆ ಕೈ ಬಿದ್ದುಹೋಗುತ್ತದೆ. ಆದರೂ ಬಿಡುವುದಿಲ್ಲ.

ಜೂನ್ 19

ಅಪ್ಪ ಹೋದ. ಬೆಳಿಗ್ಗೆ, ನಾನು ಬೆನ್ನು ತಿರುಗಿಸುತ್ತಿದ್ದಾಗ. ಸೀಟಿ ನಿಂತಿತು.

ಜೂನ್ 24, ಮಂಗಳವಾರ

ಬಂದವರೆಲ್ಲ ಹೋದರು. ಅಮ್ಮ ಕೋಣೆ ಗುಡಿಸಿ ಒರೆಸಿದ್ದಳು. ಮಂಚದ ಮೇಲೆ ಹೊಸ ಹೊದಿಕೆ, ಅದರ ಮೇಲೆ ಅಪ್ಪನ ಮಿಷಿನ್. ಹತ್ತಿಯಲ್ಲಿ ಕೀಲಿ ಕೀಲಿಯ ಸಂದನ್ನೂ ಒರೆಸಿದ್ದಳು, ಫಳಫಳ ಹೊಳೆಯುತ್ತಿತ್ತು. ಪಕ್ಕದಲ್ಲಿ ಸಣ್ಣ ಬಟ್ಟೆಯ ಮೇಲೆ ನಾಲ್ಕು ಪೆನ್ಸಿಲ್ ಸೆಲ್ ಸಾಲಾಗಿ ಮಲಗಿದ್ದವು.

ಮೇ ತಿಂಗಳ ನಂತರ ಅವಳು ನನ್ನ ಹತ್ತಿರ ಆಡಿದ ಮೊದಲ ಮಾತು ಇದು: "ಸೆಲ್ ಅವತ್ತೇ ತೆಗೆದಿಟ್ಟೆ. ಒಳಗಿಟ್ರೆ ಸೋರಿ ಕಿಲುಬು ಹಿಡಿಯುತ್ತಲ್ಲ. ನಿಮ್ಮಪ್ಪನ ಮಿಷಿನ್ನು, ಹಾಳಾಗ್ಬಾರ್ದು."

ನಾನು ಆ ಸೆಲ್ಲುಗಳನ್ನೇ ನೋಡುತ್ತಿದ್ದೆ. ನನಗೆ ಅರ್ಥವಾಗಲಿಲ್ಲ ಅಂದುಕೊಂಡು ಅವಳು ಒಂದು ಸೆಲ್ ಎತ್ತಿ, ಶೆಡ್ಡಿನಲ್ಲಿ ಪರೀಕ್ಷೆ ಮಾಡುವ ಹಾಗೆ ಗೇಣೆತ್ತರದಿಂದ ನೆಲಕ್ಕೆ ಬಿಟ್ಟಳು. ಸತ್ತ ಸೆಲ್ ಪುಟಿಯುತ್ತದೆ, ಜೀವ ಇದ್ದದ್ದು ಧೊಪ್ಪನೆ ಕೂರುತ್ತದೆ. ಅದು ಕೂತಿತು.

"ನೋಡು, ಇನ್ನೂ ಜೀವ ಇದೆ. ಹಾಕಿ ಓದು."

ಹಾಕಿದೆ. ತಾರೀಖು ಕೇಳಿತು.

ತಲೆ ನೋಯುತ್ತಿದೆ, ನಾಳೆ ಓದುತ್ತೇನೆ ಅಂದೆ. ತಲೆ ನೋಯುತ್ತಿರಲಿಲ್ಲ.

ಜೂನ್ 25

ಬೆಳಿಗ್ಗೆ ಶೆಡ್ಡಿಗೆ ಒಯ್ದು ಎಲ್ಲ ನೋಡಿದೆ. ಬೋರ್ಡು ಬಿಚ್ಚಿದೆ, ಮೆಮೊರಿ ಚಿಪ್ಪಿನ ಕಾಲು ಕಾಲಿಗೂ ತಂತಿ ಹಚ್ಚಿದೆ. ಏನೂ ಇಲ್ಲ. ಇಂಥ ಮಿಷಿನ್ನಿನಲ್ಲಿ ಸೆಲ್ ಹೋದರೆ ಮತ್ತೆ ಹುಡುಕುವ ಜಾಗವೇ ಇರುವುದಿಲ್ಲ.

ಸಂಜೆ ಅಮ್ಮ ಮುಖ ತೊಳೆದು, ತಲೆ ಬಾಚಿಕೊಂಡು ಬಂದು ಕಿಟಕಿಯ ಪಕ್ಕ ಕೂತಳು. ಎಲ್ಲಾದರೂ ಹೊರಟವಳ ಹಾಗೆ ತಯಾರಾಗಿದ್ದಳು. ನಾನು ಮುಚ್ಚಳ ತೆಗೆದು ಬೆಳಕಿಗೆ ಓರೆ ಮಾಡಿ ಹಿಡಿದೆ.

"ಏನು ಅಂದಿದ್ದಾರೆ?"

ಹೇಳಬೇಕೆಂದೇ ಬಾಯಿ ತೆರೆದೆ. ಅವಳ ಕೈಗಳು ಮಡಿಲಲ್ಲಿದ್ದವು. ಹೆಬ್ಬೆರಳಿನ ಉಗುರಿನ ಬುಡದಲ್ಲಿ ಸೆಲ್ಲಿನ ಕಪ್ಪು. ಅದು ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಓದಿದೆ. ಕೆಳಗಿನ ಬಾಣದ ಕೀಲಿ ಒತ್ತುತ್ತಾ ನಿಧಾನವಾಗಿ ಓದಿದೆ. "ಏನೇ, ನೀನು ಸೆಲ್ ಬೀಳಿಸಿ ನೋಡುವಾಗ ತಲೆ ಓರೆ ಮಾಡ್ತೀಯಲ್ಲ, ಅದು ಮಾತಾಡ್ತಿದೆ ಅನ್ನೋ ಹಾಗೆ. ಅದನ್ನ ನೋಡೋಕೆ ಅಂತಲೇ ನಾನು ಕೀಬೋರ್ಡಿನ ಬೆಂಚು ಕೇಳಿ ತಗೊಂಡೆ. ಅಲ್ಲಿಂದ ನೀನು ಕಾಣ್ತಿದ್ದೆ. ಆ್ಯಸಿಡ್ಡಿನ ಕಡೆ ಹಾಕಿದ ಮೇಲೆ ಕಾಣಲಿಲ್ಲ. ಅವತ್ತಿಂದ ಜೋರಾಗಿ ಮಾತಾಡೋಕೆ ಶುರು ಮಾಡಿದೆ, ನಿನಗೆ ಕೇಳಿಸಲಿ ಅಂತ."

ಅಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಆಮೇಲೆ ನಕ್ಕಳು. "ಕಳ್ಳ! ಒಂದು ದಿನಾನೂ ಬಾಯಿ ಬಿಟ್ಟಿರಲಿಲ್ಲ ನೋಡು. ಆಮೇಲೆ?"

"ಆಮೇಲೆ, ತುಪ್ಪದ ವಿಷಯ ಬೈದದ್ದಕ್ಕೆ ಬೇಜಾರು ಮಾಡ್ಕೋಬೇಡ ಅಂದಿದ್ದಾರೆ. ರುಚಿ ತಿಳೀತಿರಲಿಲ್ಲವಂತೆ, ಆದರೂ ನೀನು ಹಾಕೋದು ನೋಡೋಕೆ ಚೆನ್ನಾಗಿತ್ತಂತೆ."

ಬೆಳಕು ಇಳಿಯುವವರೆಗೂ ಓದಿದೆ. ಕತ್ತಲಾಯಿತು, ಕಾಣುತ್ತಿಲ್ಲ ಅಂದೆ.

"ಬೇರೆ ಯಾರಾದ್ರೂ ಓದಿದ್ರೆ ನಂಬ್ತಿರಲಿಲ್ಲ," ಅಂದಳು ಅಮ್ಮ ಎದ್ದು ನಿಲ್ಲುತ್ತಾ. "ನಿಮ್ಮ ಮಾವ ಓದಿದ್ರೆ ನನ್ನ ಸಮಾಧಾನಕ್ಕೆ ಏನೋ ಸೇರಿಸ್ತಿದ್ದಾನೆ ಅಂದ್ಕೋತಿದ್ದೆ. ನಿನ್ನ ಹಾಳು ಬಾಯಿಗೆ ಸುಳ್ಳು ಬರಲ್ಲ." ನನ್ನ ತಲೆಯ ಮೇಲೆ ಕೈಯಿಟ್ಟಳು. "ನಾಳೆ ಮೊದಲಿನಿಂದ ಓದು."

ಜೂನ್ 26

ಮೊದಲಿನಿಂದ ಓದಬೇಕಾದರೆ ಒಂದೇ ಥರ ಇರಬೇಕು. ನಿನ್ನೆಯದು ಅರ್ಧ ಮರೆತಿದೆ, ಅಮ್ಮ ಮರೆತಿರುವುದಿಲ್ಲ. ಶೆಡ್ಡಿಗೆ ರಜೆ ಹೇಳಿ ಬೆಳಿಗ್ಗೆಯಿಂದ ಅಪ್ಪನ ಮಿಷಿನ್ನಿನಲ್ಲಿ ಕುಟ್ಟಿದೆ. ಒಂದೇ ಬೆರಳಲ್ಲಿ ಕುಟ್ಟಿದರೆ ಅವನ ಮಾತಿನ ಓಟ ಬರುತ್ತದೆ. ಪದಗಳ ನಡುವೆ ಜಾಗ ಬಿಡಲಿಲ್ಲ. ಮುಂದೆ ಓದಬಲ್ಲವರು ಯಾರಾದರೂ ನೋಡಿದರೂ ಸರಿಯಾಗಿರಬೇಕು. ತಾರೀಖು ಕೇಳಿದಾಗ ಜೂನ್ 14 ಎಂದು ಕೊಟ್ಟೆ.

ಊಟಕ್ಕೂ ಎದ್ದಿರಲಿಲ್ಲ ಎಂದು ಅಮ್ಮ ಹೇಳಿದ ಮೇಲೆ ಗೊತ್ತಾಯಿತು.

ಗೆಳತಿಯ ಕಾಗದ ಮತ್ತೆ ಬಂದಿದೆ. ಇನ್ನೂ ಒಡೆದಿಲ್ಲ.

ಜೂನ್ 29, ಭಾನುವಾರ

ಇದರ ಗುಂಡಿ ಸೆಲ್ ತೆಗೆದು ಅಪ್ಪನದಕ್ಕೆ ಹಾಕಿದೆ, ಮೇಲೆ ಟೇಪು ಸುತ್ತಿದೆ. ಈಗ ಅಮ್ಮ ಕಿತ್ತರೂ ಅಲ್ಲಿಯದು ಹೋಗುವುದಿಲ್ಲ.

ಇದರ ಪೆನ್ಸಿಲ್ ಸೆಲ್ ಮುಗಿಯುತ್ತಾ ಬಂದಿದೆ. ಮೇಲಿನ ಸಾಲುಗಳು ಆಗಲೇ ಮಸುಕು. ಬದಲಿಸಿದರೂ ಹೋಗುತ್ತದೆ, ಬದಲಿಸದಿದ್ದರೂ ಹೋಗುತ್ತದೆ. ಇದರಲ್ಲಿ ಇರುವುದು ನನ್ನ ಪುರಾಣ ತಾನೇ.

ಅಮ್ಮ ಕಿಟಕಿಯ ಪಕ್ಕ ಕೂತಾಗಿದೆ. "ಸ್ಪ್ರಿಂಗ್," ಎಂದು ಕರೆಯುತ್ತಿದ್ದಾಳೆ. ಅವಳು ನನ್ನನ್ನು ಹಾಗೆ ಕರೆದದ್ದೇ ಇಲ್ಲ. "ಬಾರೇ, ಬೆಳಕಿರೋವಾಗ್ಲೇ ಓದಿಬಿಡು. ಆ ಬೆಂಚಿನ ಕಥೆ ಆದ ಮೇಲೆ ಏನಾಯ್ತು?"

ಅದನ್ನು ಇನ್ನೂ ಬರೆದಿಲ್ಲ. ಹೋಗುತ್ತಾ ಯೋಚಿಸಬೇಕು.